ಉಳಿದದ್ದು ಹಂಪವ್ವನದು

ಗಿರಣಿ ಹಂಪವ್ವನ ಬೇಕು ನನಗೆ ಬಂದಾಗ ನಾನು ಕಾಸೀಮಣ್ಣನ ಅಂಗಡಿಯಲ್ಲಿ ಕುಳಿತು ಶಾಲೆಯ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದೆ. ಮೊದಲು ಬಾಯಿ ಒಣಗಿತು. ಎದ್ದು ಹೋಗಿ ಒಂದು ತಂಬಿಗೆ ನೀರು ಕುಡಿದೆ. ನೀರು ಹೊಟ್ಟೆಗೆ ಹೋಯಿತು, ಬಾಯಾರಿಕೆ ಇದ್ದಲ್ಲೇ ಇತ್ತು. ಆಮೇಲೆ ಎರಡೂ ಮಣಿಕಟ್ಟು ಬಿಗಿಯತೊಡಗಿದವು. ಬಳೆ ಸಣ್ಣವಾಗಿವೆಯೇನೋ ಎಂದು ಸರಿಸಿ ನೋಡಿದೆ. ಸಡಿಲವಾಗಿಯೇ ಇದ್ದವು. ಆದರೂ ಯಾರೋ ಬಟ್ಟೆ ಸುತ್ತಿ ಗಂಟು ಹಾಕಿದ ಹಾಗೆ. ಸೂಜಿ ಹಿಡಿಯಲಾಗಲಿಲ್ಲ. ತಾಳಲಾರದೆ ಬಳೆಗಳನ್ನು ಒಂದೊಂದಾಗಿ ತೆಗೆದು ಗುಂಡಿಯ ಡಬ್ಬಿಗೆ ಹಾಕಿದೆ.

ಕಾಸೀಮಣ್ಣ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿದ. "ಫಕೀರವ್ವಾ, ಯಾರದರೆ ಬಂತೇನು?"

ನಾನು ಗೊತ್ತಿಲ್ಲ ಎಂಬಂತೆ ತಲೆ ಅಲ್ಲಾಡಿಸಿದೆ.

"ನೀರು ಕುಡದ್ರೂ ಹೋಗವಲ್ದೇನು?"

ಹೌದು ಎಂದು ಗೋಣು ಹಾಕಿದೆ.

"ಹಂಗಾದ್ರ ಬಂತು. ಏಳು, ದವಾಖಾನಿಗೆ ನಡಿ. ಅಂಗಿ ಅಲ್ಲೇ ಇಡು. ಸಾಲಿ ಹುಡುಗ್ರು ಗುಂಡಿ ಇಲ್ಲದ ಓಡಾಡಿದ್ರ ಊರೇನು ಮುಳುಗೂದಿಲ್ಲ."

ನಮ್ಮೂರಿನ ಆಸ್ಪತ್ರೆಯಲ್ಲಿ ಯಾರನ್ನಾದರೂ ಉಸಿರಿನ ಮಷಿನ್ನಿಗೆ ಹಾಕಿದರೆ ಅವರ ಬೇಕು ಊರಿನಲ್ಲಿ ಇನ್ನೊಬ್ಬರಿಗೆ ಬರುತ್ತದೆ. ಬಾಯಲ್ಲಿ ಪೈಪು ಇದ್ದವರು ಹೇಳಿಕೊಳ್ಳಲಾರದ್ದು, ಬೇರೆ ಎಲ್ಲೋ ರೊಟ್ಟಿ ತಟ್ಟುತ್ತಲೋ ಸೈಕಲ್ಲಿನ ಪಂಕ್ಚರ್ ಹಚ್ಚುತ್ತಲೋ ಇದ್ದವರ ಮೈಯಲ್ಲಿ ಏಳುತ್ತದೆ. ರಕ್ತಸಂಬಂಧಿಗಳಿಗೆ ಮಾತ್ರ ಎಂದೂ ಬರುವುದಿಲ್ಲ. ಬಂದವರು ಕೈಯಲ್ಲಿದ್ದ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಅವರು ಬೀದಿಯಲ್ಲಿ ಹೋಗುವಾಗ ಮಿಠಾಯಿ ಅಂಗಡಿಯವನು ಬರಣಿಗಳ ಮೇಲೆ ಬಟ್ಟೆ ಹೊದಿಸುತ್ತಾನೆ, ಹೂ ಮಾರುವವಳು ಬುಟ್ಟಿ ಮುಚ್ಚುತ್ತಾಳೆ. ಮಲಗಿದವರ ಆಸೆಯ ಜೊತೆಗೆ ನಡೆಯುವವರ ಆಸೆ ಬೆರೆಯಬಾರದೆಂದು. ಆ ದಿನ ನಾನು ಹೋಗುವಾಗಲೂ ಬೀದಿಯ ಉದ್ದಕ್ಕೂ ಹಾಗೆ ಮುಚ್ಚುತ್ತ ಹೋದರು. ನನ್ನ ಬರಿಗೈಯನ್ನು ಎಲ್ಲರೂ ನೋಡುತ್ತಿದ್ದರು. ನಾನು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ಜನ ನನ್ನನ್ನು ನೋಡಿದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ. ಟೀಚರು ಪ್ರಶ್ನೆ ಕೇಳಿದರೆ ಉತ್ತರ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು, ಹೊರಗೆ ಬೀಳುತ್ತಿರಲಿಲ್ಲ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಒಂದು ದಿನ ನಾನು ಹೋಗಲಿಲ್ಲ, ಅಷ್ಟೆ. ಮಾತಾಡದಿದ್ದರೆ ನೋಡಲು ಬೇಕಾದಷ್ಟು ಸಮಯ ಸಿಗುತ್ತದೆ. ಹಾಗಾಗಿ ನಾನು ಊರಿನ ಬಹಳ ಜನರ ಕೈಗಳನ್ನು ನೋಡಿದ್ದೇನೆ. ಹಂಪವ್ವನ ಕೈಯನ್ನೂ ನೋಡಿದ್ದೆ. ಗಿರಣಿಯಿಂದ ಹಿಟ್ಟು ಬೀಳುವಾಗ ಅವಳು ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಿದ್ದಳು. ಮುಖ ಬೇರೆ ಕಡೆ ಇರುತ್ತಿತ್ತು, ಬಾಯಿ ಯಾರ ಜೊತೆಗೋ ಜಗಳಾಡುತ್ತಿತ್ತು, ಬೆರಳುಗಳು ಮಾತ್ರ ಹಿಟ್ಟಿನ ಸುದ್ದಿ ಕೇಳುತ್ತಿದ್ದವು. ನಾನು ಡಬ್ಬಿ ಇಟ್ಟಾಗಲೆಲ್ಲ, "ಸಣ್ಣಗ ಬೀಸಲೋ, ತರಿ ಬೀಸಲೋ?" ಎಂದು ಕೇಳುತ್ತಿದ್ದಳು. ನಾನು ಸುಮ್ಮನೆ ನಿಲ್ಲುತ್ತಿದ್ದೆ. "ದೇವರು ನಿನಗ ಬಾಯಿ ಕೊಡೂ ಮುಂದ ಚಾ ಕುಡ್ಯಾಕ ಎದ್ದು ಹೋಗಿದ್ದನೇನ?" ಎಂದು ಬೈದು, ತನಗೆ ತಿಳಿದಂತೆ ಬೀಸಿಕೊಡುತ್ತಿದ್ದಳು.

ಆಸ್ಪತ್ರೆಯಲ್ಲಿ ನನ್ನನ್ನು ಕರೆದುಕೊಂಡವರು ರೆಬೆಕ್ಕ ಸಿಸ್ಟರ್. ವಯಸ್ಸಾಗುತ್ತ ಬಂದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಯಾರ ಬೇಕು, ಏನು ಬೇಕು ಎಂದು ಏನನ್ನೂ ಕೇಳಲಿಲ್ಲ. ಸೀದಾ ಉಣ್ಣುವ ಖೋಲಿಗೆ ಕರೆದೊಯ್ದರು. ಹಿಂದೆ ಪೋಸ್ಟ್ ಮಾಸ್ತರರ ಬೇಕು ಬಂದವನೊಬ್ಬ ಅವರ ಹೆಸರಿನಲ್ಲಿ ದಿನವೂ ಜಿಲೇಬಿ ಕೇಳಿ ತಿಂದನಂತೆ. ಮಾಸ್ತರರು ಗುಣವಾಗಿ ಎದ್ದು ಕುಳಿತು, "ನನಗ ಸಿಹಿ ಅಂದ್ರ ವಾಂತಿ ಬರ್ತೈತಿ, ಅಂವ ಯಾರಂವಾ ಕರೀರಿ" ಎಂದರಂತೆ. ಅಂದಿನಿಂದ ಆಸ್ಪತ್ರೆಯಲ್ಲಿ ಈ ಖೋಲಿ ಇದೆ. ಬೇಕು ಬಂದವರಿಗೆ ಮೊದಲು ಬಿಸಿನೀರಿನ ಸ್ನಾನ, ಹೊಟ್ಟೆ ತುಂಬ ಊಟ, ಒಂದು ನಿದ್ದೆ. ಅವರ ಸ್ವಂತದ್ದೆಲ್ಲ ತೀರಬೇಕು. ತೀರಿದ ಮೇಲೂ ಉಳಿದದ್ದು ಮಲಗಿದವರದು.

ನಾನು ಉಂಡೆ, ಮಲಗಿ ಎದ್ದೆ. ಸಿಸ್ಟರ್ ಪಕ್ಕದಲ್ಲಿ ಕುಳಿತು ಸ್ವೆಟರ್ ಹೆಣೆಯುತ್ತಿದ್ದರು.

"ಈಗ ಹೇಳು ತಂಗಿ, ಏನ ಉಳದೈತಿ?"

"ಬಾಯಿ ಒಣಗೈತ್ರಿ," ಎಂದೆ. ಆಮೇಲೆ, "ಕೈ," ಎಂದೆ.

"ಕೈಗೇನು?"

ನಾನು ಎರಡೂ ಮಣಿಕಟ್ಟು ಚಾಚಿ ತೋರಿಸಿದೆ. ಅವರು ಹೆಣಿಗೆ ಕೆಳಗಿಟ್ಟರು. "ಬಾ," ಎಂದರು.

ಮಷಿನ್ನಿನ ಕೋಣೆಯಲ್ಲಿ ಅಂದು ಮಲಗಿದ್ದವಳು ಹಂಪವ್ವ ಒಬ್ಬಳೇ. ವರ್ಷಗಟ್ಟಲೆ ಹಿಟ್ಟಿನ ಧೂಳು ಕುಡಿದ ಅವಳ ಪುಪ್ಪುಸ ಕೈಬಿಟ್ಟಿತ್ತಂತೆ. ಬಾಯಲ್ಲಿ ಪೈಪು, ಅದು ಜಾರದಂತೆ ಗಲ್ಲದ ಮೇಲೆ ಪಟ್ಟಿ. ಮಷಿನ್ನು ಗಾಳಿ ಊದಿದಾಗ ಎದೆ ಏರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಪರದೆಯ ಮೇಲೆ ಹಸಿರು ಗೆರೆ ಓಡುತ್ತಿತ್ತು. ಮಂಪರಿನ ಔಷಧಿ ನಡೆದಿದ್ದರಿಂದ ಕಣ್ಣು ಅರ್ಧ ತೆರೆದಿದ್ದವು. ಎರಡೂ ಕೈಗಳನ್ನು ಅಗಲ ಪಟ್ಟಿಗಳಿಂದ ಮಂಚದ ಕಂಬಿಗೆ ಕಟ್ಟಿದ್ದರು. ಒಳಗೆ ಹತ್ತಿ ಇಟ್ಟು ಮೆತ್ತಗೆ ಕಟ್ಟಿದ್ದರು, ಆದರೆ ಕಟ್ಟಿದ್ದರು.

ಪಕ್ಕದಲ್ಲಿ ಅವಳ ಮಗಳು ಮಂಗಳಾ ನಿಂತಿದ್ದಳು. ತಾಯಿಯ ಜೊತೆ ಗಿರಣಿ ನಡೆಸುವವಳು ಅವಳೇ. ನಾನು ಬಂದದ್ದು ಏತಕ್ಕೆಂದು ಸಿಸ್ಟರ್ ಹೇಳಿದ ಕೂಡಲೇ ಅವಳು ಮಂಚಕ್ಕೆ ಅಡ್ಡ ನಿಂತಳು.

"ಕೈ ಬಿಚ್ಚಬೇಕಂತೇನು? ಮೊದಲನೇ ದಿನ ಏನಾತು ಮರತ್ರೇನ್ರಿ? ಎಚ್ಚರಿಲ್ಲದ ಪೈಪ್ ಕಿತ್ತಳು. ಮುಖ ನೀಲಿ ಆಗಿತ್ತು. ನಾ ಕಣ್ಣಾರೆ ನೋಡೀನಿ. ಕಟ್ಟರೀ ಅಂತ ಕಾಲು ಹಿಡದಾಕಿ ನಾನ."

"ಮರತಿಲ್ಲವಾ," ಎಂದರು ಸಿಸ್ಟರ್. "ಅವತ್ತು ಕಟ್ಟಿದಾಕಿ ನಾನ."

"ಹಂಗಾದ್ರ ಈಕಿ ಮಾತು ಯಾಕ ಕೇಳ್ತೀರಿ? ಈಕಿದು ನನಗ ಗೊತ್ತೈತ್ರಿ. ಈಕಿಗೆ ಗಂಡು ನೋಡ್ಯಾರ. ಈಕಿ ಚಿಗವ್ವ ಗೋದಿ ಬೀಸಸಾಕ ಬಂದಾಗ ತಾನ ಹೇಳಿದ್ಲು. ಹುಡುಗಿ ಹೂಂ ಅನವಲ್ಲಳು, ಊಂಹೂಂ ಅನವಲ್ಲಳು, ಒಪ್ಪ್ಯಾಳಂತ ತಿಳಕೊಂಡು ಮಾತು ಕೊಟ್ಟೀವಿ ಅಂದ್ಲು. ಕಟ್ಟಿ ಹಾಕಿದಂಗ ಆಗಿದ್ದು ಈಕಿಗೆ. ನಮ್ಮವ್ವಗಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಉತ್ತರ ನಾಲಿಗೆಯ ತುದಿಗೂ ಬರಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ನಿಜವಿರಬಹುದು ಎಂದು ನನಗೇ ಅನಿಸಿತು.

ಸಿಸ್ಟರ್ ಅವಳ ಮೇಲೆ ಸಿಟ್ಟಾಗಲಿಲ್ಲ. "ಮಂಗಳಾ ಕೇಳೂದ್ರಾಗ ತಪ್ಪಿಲ್ಲ," ಎಂದು ನನ್ನನ್ನು ಮತ್ತೆ ಉಣ್ಣುವ ಖೋಲಿಗೆ ಕರೆತಂದು ಬಾಗಿಲು ಹಾಕಿದರು. ನನಗೆ ಅಳು ಬಂದಿತ್ತು. ಅವರು ಅದನ್ನು ನೋಡದವರಂತೆ ಚಹಾ ಬಸಿದರು.

"ಆ ಸಂಬಂಧ ನಿನಗ ಬೇಕೋ ಬ್ಯಾಡೋ, ನನ್ನ ಮುಂದ ಹೇಳಬ್ಯಾಡ. ನನಗದು ಸಂಬಂಧಿಲ್ಲ. ಆದ್ರ ಇದು ಉಣ್ಣೂ ಖೋಲಿ. ಇಲ್ಲಿ ಅನ್ನದ ಹಸಿವು ಅಷ್ಟ ತೀರಸೂದಲ್ಲ. ನಿನ್ನ ಒಳಗ ಯಾರಿಗರೆ ಹೇಳೂದು ಉಳದಿದ್ರ ಹೇಳಿ ಬಾ. ಅದು ಅಲ್ಲೇ ಕುಂತಿದ್ರ ಹಂಪವ್ವಂದು ಯಾವುದು ನಿಂದು ಯಾವುದು ಅಂತ ನಾ ಹೆಂಗ ಗುರ್ತು ಹಿಡೀಲಿ?"

"ಅಲ್ಲೀ ಮಟಾ ಅವರ ಕೈ?" ಎಂದೆ.

"ಅಲ್ಲೀ ಮಟಾ ಕಟ್ಟೇ ಇರ್ತಾವ," ಎಂದರು.

ಅದನ್ನು ಅವರು ಗದರಿಸಿ ಹೇಳಲಿಲ್ಲ. ಆದರೆ ಮನೆಗೆ ಹೋಗುವ ದಾರಿಯ ಉದ್ದಕ್ಕೂ ಆ ಮಾತು ನನ್ನ ಜೊತೆಗೇ ನಡೆಯಿತು.

ಚಿಗವ್ವ ಪಡಸಾಲೆಯಲ್ಲಿ ಮೊರ ಹಿಡಿದು ಗೋದಿ ಹಸನು ಮಾಡುತ್ತಿದ್ದಳು. ನನ್ನ ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಬರಿಗೈ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ನನ್ನ ಶಿವನ! ಗಂಡಿನ ಕಡಿಯವರು ಯಾರರೆ ನೋಡಿದ್ರ ಏನಂದಾರು? ಬಳಿ ಹಾಕ್ಕೋ ಮೊದಲ."

ನಾನು ಕಂಬ ಹಿಡಿದು ನಿಂತೆ. ಹೇಳಬೇಕಾದ ಮಾತು ಬಹಳ ಸಣ್ಣದಿತ್ತು. ಗುಂಡಿ ಹಚ್ಚಿದ ಮೇಲೆ ದಾರ ಹರಿಯುವಷ್ಟೇ ಕೆಲಸ. ಆದರೂ ನನಗೆ ಬೆವರು ಬಂತು.

"ಚಿಗವ್ವಾ, ನನಗ ಆ ಮನಿ ಬ್ಯಾಡ."

ಅವಳು ಮೊರ ತಟ್ಟುವುದನ್ನು ನಿಲ್ಲಿಸಲಿಲ್ಲ. "ಇದು ನೀ ಹೇಳ್ತಿಯೋ, ಹಂಪವ್ವ ಹೇಳಸಾಕತ್ತಾಳೋ?"

"ನಾನ."

"ಅವತ್ತ ಕೇಳಿದಾಗ ಬಾಯಾಗ ಏನ ಇಟಗೊಂಡಿದ್ದಿ?"

"ಸುಮ್ಮನ ಇದ್ದೆ."

"ಸುಮ್ಮನ ಇದ್ದದ್ದಕ್ಕ ಒಪ್ಪೀ ಅಂತ ತಿಳಕೊಂಡೆ."

"ಒಪ್ಪಿದ್ದಕ್ಕ ಸುಮ್ಮನ ಇದ್ದಿದ್ದಿಲ್ಲ ಚಿಗವ್ವ."

ಈಗ ಮೊರ ನಿಂತಿತು. "ಅಂವ ಒಳ್ಳೇವ ಅದಾನ," ಎಂದಳು, ಸ್ವಲ್ಪ ತಗ್ಗಿದ ದನಿಯಲ್ಲಿ.

"ಇರಬಹುದು."

ಅವಳು ಎದ್ದು ಒಳಗೆ ಹೋದಳು. ಪಾತ್ರೆಗಳು ಬಡಿದಾಡಿದವು. ಸ್ವಲ್ಪ ಹೊತ್ತಿನ ಮೇಲೆ ತಾಟಿನಲ್ಲಿ ಅವಲಕ್ಕಿ ಹಾಕಿ ತಂದು ನನ್ನ ಮುಂದೆ ಕುಕ್ಕಿದಳು. "ತಿನ್ನು. ನಿನಗೇನು, ಎರಡ ಮಾತಿನ್ಯಾಗ ಮುಗೀತು. ಇನ್ನ ಅವರ ಮನಿಗೆ ಹೋಗಿ ಸವೀಬೇಕಾಗಿದ್ದು ನನ್ನ ಬಾಯಿ." ಆಮೇಲೆ ತಾನೂ ಎದುರಿಗೆ ಕುಳಿತು, ಯಾಕೋ ನನ್ನ ಬರಿಯ ಮಣಿಕಟ್ಟನ್ನು ಹಿಡಿದು ತಿಕ್ಕಿದಳು. ಹಾಕಿಕೋ ಎಂದು ಮತ್ತೆ ಹೇಳಲಿಲ್ಲ.

ಅವಲಕ್ಕಿ ತಿನ್ನುತ್ತಿದ್ದಂತೆ ನನ್ನ ಎದೆಯಿಂದ ಏನೋ ಸಡಿಲಾಯಿತು. ಅದು ಅಲ್ಲಿ ಕುಳಿತಿತ್ತೆಂದು ಹೋದ ಮೇಲೆಯೇ ಗೊತ್ತಾದದ್ದು. ಮಂಗಳಾ ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಮಣಿಕಟ್ಟಿನ ಬಿಗಿತ ಹಾಗೆಯೇ ಇತ್ತು. ಇನ್ನೂ ಸ್ಪಷ್ಟವಾಗಿ, ಗಂಟು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವಷ್ಟು.

ಮರುದಿನ ಬೆಳಿಗ್ಗೆ ಬೆಳ್ಳೇರಿ ಡಾಕ್ಟರ್ ಹಂಪವ್ವನ ಮಂಚದ ಹತ್ತಿರ ನಮ್ಮೆಲ್ಲರನ್ನೂ ಕರೆದರು. ಅವರು ಬೇರೆ ಊರಿನಿಂದ ಬಂದವರು, ಮಾತು ಕಡಿಮೆ, ಕಣ್ಣ ಕೆಳಗೆ ಯಾವಾಗಲೂ ಕಪ್ಪು.

"ಮತ್ತೆ ಕಿತ್ತುಕೊಂಡರೆ ವಾಪಸ್ ಹಾಕೋಕೆ ಆಗದೇ ಹೋಗಬಹುದು, ರೆಬೆಕ್ಕ. ಗಂಟಲು ಬಾತಿದೆ. ಇದು ಸುಮ್ಮನೆ ಹೆದರಿಸೋ ಮಾತಲ್ಲ."

"ಗೊತ್ತೈತಿ ಸರ್. ಔಷಧಿ ಇಳಸಿ, ಎಚ್ಚರ ಆದ ಮ್ಯಾಲೆ ಒಂದೊಂದ ಕೈ ಬಿಚ್ಚೂಣು. ನಾ ಪಕ್ಕಕ್ಕ ಕುಂದರತೀನಿ."

ಡಾಕ್ಟರ್ ನನ್ನನ್ನು ಕೇಳಿದರು. "ಕೈ ಯಾತಕ್ಕೆ ಬೇಕಂತೆ ಇವರಿಗೆ? ಪೈಪ್ ತೆಗೆಯೋಕಾ?"

ಅದನ್ನೇ ನಾನೂ ಬೆಳಗಿನಿಂದ ಹುಡುಕುತ್ತಿದ್ದೆ. ನನಗೆ ಬಂದದ್ದರಲ್ಲಿ ಆ ಸುದ್ದಿ ಇರಲಿಲ್ಲ. "ಕೈ ಬೇಕು, ಅಷ್ಟರಿ," ಎಂದೆ. "ಯಾತಕ್ಕಂತ ಬಂದಿಲ್ಲ."

"ಯಾತಕ್ಕೆ ಅಂತ ಗೊತ್ತಿಲ್ಲದೆ ಹೇಗೆ ಬಿಚ್ಚೋದು?"

ಸಿಸ್ಟರ್ ಮಂಚದ ಹಾಸು ಸರಿಮಾಡುತ್ತ ಹೇಳಿದರು. "ನಮ್ಮ ಕೈ ನಮಗ ಯಾತಕ್ಕ ಬೇಕಂತ ನಾವು ಯಾರಿಗರೆ ಹೇಳಿ ಇಟಗೊಂಡೀವೇನ್ರಿ ಸರ್?"

ಡಾಕ್ಟರ್ ತಮ್ಮ ಕೈ ನೋಡಿಕೊಂಡರು. "ನನ್ನದು ಸಹಿ ಹಾಕೋದಕ್ಕೆ," ಎಂದರು. "ಕೊಡಿ, ಹಾಕ್ತೀನಿ. ಆದರೆ ನೀವು ಪಕ್ಕ ಬಿಟ್ಟು ಏಳಬಾರದು."

ಮಂಗಳಾ ಮಾತ್ರ ಒಪ್ಪಲಿಲ್ಲ. ಗೋಡೆಗೆ ಒರಗಿ, "ಆಕಿ ಸತ್ರ ನಿಮ್ಮೆಲ್ಲರ ಮನಿ ಮುಂದ ಬಂದು ಕುಂದರತೀನಿ," ಎಂದಳು. ಆದರೆ ಹೊರಗೆ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಂಪವ್ವನ ಕಣ್ಣು ಪೂರ್ತಿ ತೆರೆದವು. ಕಿಟಕಿಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಸಿಸ್ಟರ್ ಬಗ್ಗಿ, ಅವಳ ಕಿವಿಯ ಹತ್ತಿರ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು. "ಹಂಪವ್ವಾರ, ನಿಮ್ಮ ಬಾಯಾಗ ಉಸರಿನ ಪೈಪ್ ಐತಿ. ಅದನ್ನ ಜಗ್ಗಿದ್ರ ಜೀವಕ್ಕ ಅಪಾಯ. ಈಗ ಬಲಗೈ ಬಿಚ್ಚತೀನಿ." ಗಂಟು ಬಿಗಿದುಹೋಗಿತ್ತು. ಅವರು ಕತ್ತರಿ ತೆಗೆದುಕೊಳ್ಳಲಿಲ್ಲ, ಉಗುರಿನಿಂದ ನಿಧಾನವಾಗಿ ಬಿಡಿಸಿದರು. ಪಟ್ಟಿ ಜಾರಿದ ಕ್ಷಣ ನನ್ನ ಬಲಗೈ ಹಗುರಾಯಿತು. ನಾನು ಉಸಿರು ಎಳೆದುಕೊಂಡದ್ದು ನನಗೇ ಕೇಳಿಸಿತು.

ಹಂಪವ್ವನ ಕೈ ಮೊದಲು ಹಾಸಿಗೆಯ ಮೇಲೆ ಸತ್ತಂತೆ ಬಿದ್ದಿತ್ತು. ಬೆರಳು ಬಾತಿದ್ದವು, ಮಣಿಕಟ್ಟಿನಲ್ಲಿ ಪಟ್ಟಿಯ ಗುರುತಿತ್ತು. ಆಮೇಲೆ ಅದು ಮೆಲ್ಲಗೆ ಎದ್ದಿತು. ಎದೆ ದಾಟಿ ಗದ್ದಕ್ಕೆ ಬಂತು. ಮಂಗಳಾ "ಅವ್ವಾ!" ಎಂದು ಕೂಗಿ ಮುಂದೆ ಬಂದಳು. ಸಿಸ್ಟರ್ ಎಡಗೈ ಅಡ್ಡ ಹಿಡಿದು ಅವಳನ್ನು ತಡೆದರು, ಬಲಗೈಯನ್ನು ಪೈಪಿನ ಹತ್ತಿರ ಇಟ್ಟರು, ಆದರೆ ಮುಟ್ಟಲಿಲ್ಲ. ಹಂಪವ್ವನ ಬೆರಳು ಪೈಪಿಗೆ ತಾಗಿತು. ಪಟ್ಟಿಗೆ ತಾಗಿತು. ಅದನ್ನೂ ದಾಟಿ ಮೂಗಿನ ಪಕ್ಕಕ್ಕೆ ಹೋಗಿ, ಅಲ್ಲಿ ತುರಿಸಿಕೊಂಡಿತು.

ಬಹಳ ಹೊತ್ತು ತುರಿಸಿಕೊಂಡಳು. ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಸಾಕಾದ ಮೇಲೆ ಎದೆಯಿಂದ ಜಾರಿದ್ದ ಚಾದರವನ್ನು ಮೇಲಕ್ಕೆಳೆದು ಕತ್ತಿನವರೆಗೆ ಹೊದ್ದುಕೊಂಡಳು. ಡಾಕ್ಟರ್ ಮುಖ ಬೇರೆ ಕಡೆ ತಿರುಗಿಸಿದರು. ಆಮೇಲೆ ಆ ಕೈ ಗಾಳಿಯಲ್ಲಿ ತಡಕಾಡಿ ಮಂಗಳಾಳ ಸೆರಗಿನ ಅಂಚು ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿತು. ಇದು ಯಾರ ಸೆರಗೆಂದು ಬೆರಳಿಗೆ ತಿಳಿಯುವವರೆಗೆ ಉಜ್ಜಿತು.

"ಮೂಗು ತುರಸತಿತ್ತೇನಬೇ?" ಎಂದು ಮಂಗಳಾ ಮಂಚದ ಪಕ್ಕ ಕುಸಿದಳು. "ಮೂಗು ತುರಸತಿತ್ತೇನ ಇಷ್ಟ ದಿನಾ?"

ಎಡಗೈಯ ಗಂಟನ್ನು ಅವಳೇ ಬಿಚ್ಚಿದಳು.

ಮುಂದಿನ ದಿನಗಳಲ್ಲಿ ನನಗೆ ಮಾಡಲು ಕೆಲಸವಿರಲಿಲ್ಲ. ಮಷಿನ್ನು ಇಳಿಯುವ ತನಕ ಬೇಕು ಬಂದವರು ಸಿಸ್ಟರ್ ಕಳಿಸದೆ ಆಸ್ಪತ್ರೆ ಬಿಡಬಾರದೆಂಬ ಪದ್ಧತಿ ಇದ್ದದ್ದರಿಂದ ಮೂಲೆಯ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದೆ. ಕಾಸೀಮಣ್ಣ ಅಂಗಿಗಳನ್ನು ಅಲ್ಲಿಗೇ ಕಳಿಸಿದ. ಹಂಪವ್ವ ಬಾಯಿ ಒಣಗಿದಾಗ ತುಟಿ ತಟ್ಟಿ ತೋರಿಸುತ್ತಿದ್ದಳು, ಸಿಸ್ಟರ್ ಒದ್ದೆ ಹತ್ತಿಯಿಂದ ಒರೆಸುತ್ತಿದ್ದರು. ಅವಳು ದಿಂಬು ತೋರಿಸಿದರೆ ದಿಂಬು ಸರಿಸುತ್ತಿದ್ದರು. ಹೊಸ ನರ್ಸು ಒಬ್ಬಳು ಕೇಳದೆ ಮೈ ಹೊರಳಿಸಲು ಬಂದಾಗ ಅವಳ ಕೈಯ ಮೇಲೆ ಪಟ್ಟೆಂದು ಹೊಡೆದಳು. ಸಿಸ್ಟರ್ ನಕ್ಕು, "ಹೇಳಿ ಮುಟ್ಟಬೇಕವಾ. ಗಿರಣಿ ಮಾಲಕರು ಅವರು," ಎಂದರು. ನನ್ನ ಬಾಯಾರಿಕೆ ಆಗಲೇ ನಿಂತಿತ್ತು. "ತಾವ ತೋರಸಾಕ ಹತ್ಯಾರಲ್ಲ, ಇನ್ನ ನಿನ್ನ ಕಡೆ ಯಾಕ ಬಂದೀತು?" ಎಂದರು ಸಿಸ್ಟರ್.

ಆದರೆ ಪುಪ್ಪುಸ ಚೇತರಿಸಿಕೊಳ್ಳಲಿಲ್ಲ. ಡಾಕ್ಟರ್ ಒಂದು ದಿನ ಮಂಗಳಾಳನ್ನು ಮಾತಾಡಲು ಹೊರಗೆ ಕರೆದರು. ಸಿಸ್ಟರ್ ಬಾಗಿಲಲ್ಲಿ ನಿಂತು, "ಸರ್, ಹಂಪವ್ವಾರು ಎಚ್ಚರದಾಗ ಅದಾರ. ಇಲ್ಲೇ ಮಾತಾಡ್ರಿ," ಎಂದರು. ಡಾಕ್ಟರ್ ಒಳಗೆ ಬಂದು, ಸ್ಟೂಲು ಎಳೆದುಕೊಂಡು, ಹಂಪವ್ವನ ಮುಖದ ಎತ್ತರಕ್ಕೆ ಕುಳಿತರು. ಪೈಪು ಬಾಯಲ್ಲಿ ಇನ್ನು ಬಹಳ ದಿನ ಇಡಲು ಬರುವುದಿಲ್ಲ, ಗಂಟಲಲ್ಲಿ ತೂತು ಮಾಡಿ ಅಲ್ಲಿಂದ ಮಷಿನ್ನು ಜೋಡಿಸಬಹುದು, ತಿಂಗಳುಗಟ್ಟಲೆ ಹಾಗೆ ಇರಬಹುದು, ಆದರೆ ಮಷಿನ್ನು ಬಿಟ್ಟು ಏಳುವುದು ಆಗಲಿಕ್ಕಿಲ್ಲ ಎಂದು ಹೇಳಿದರು. "ತೆಗೆದರೆ?" ಎಂದು ಅವಳು ಕೇಳಲಾರಳಾದ್ದರಿಂದ ತಾವೇ ಅದನ್ನೂ ಹೇಳಿದರು. "ತೆಗೆದರೆ ಹೆಚ್ಚು ಹೊತ್ತು ಇರೋದಿಲ್ಲ, ಅಮ್ಮಾ. ಸಂಕಟ ಆಗದ ಹಾಗೆ ಔಷಧಿ ಕೊಡ್ತೀನಿ."

ಹಂಪವ್ವ ಎಲ್ಲವನ್ನೂ ಕೇಳಿದಳು. ಆಮೇಲೆ ಬಲಗೈ ಎತ್ತಿ ಪೈಪನ್ನು ಹಿಡಿದಳು. ಜಗ್ಗಲಿಲ್ಲ. ಹಿಡಿದು, ರೆಬೆಕ್ಕ ಸಿಸ್ಟರ ಮುಖ ನೋಡಿದಳು.

"ತುರಸಾಕತ್ತಿರಬೇಕು," ಎಂದಳು ಮಂಗಳಾ.

ಮಂಗಳಾ ನನ್ನ ಹತ್ತಿರ ಬಂದು, ಮೊಳಕೈ ಹಿಡಿದು ಕಾರಿಡಾರಿಗೆ ಎಳೆದುಕೊಂಡು ಹೋದಳು. "ಫಕೀರವ್ವಾ, ನಿನ್ನ ಮ್ಯಾಲ ಇಲ್ಲದ್ದ ಅನುಮಾನ ಪಟ್ಟೆ, ತಪ್ಪಾತು. ಒಂದ ಮಾತ ಹೇಳು. ಅವ್ವಗ ಇರಬೇಕು ಅನ್ನಸಾಕತ್ತೈತಿ ಅಂತ ಹೇಳು. ಗಂಟಲ ಕೊಯ್ಸಾಕ ಒಪ್ಪ್ಯಾಳ ಅಂತ ಹೇಳು. ನೀ ಹೇಳಿದ್ರ ಅವರು ನಂಬತಾರ. ಕೈ ವಿಷಯ ನೀ ಹೇಳಿದ್ದು ಖರೇ ಆತಲ್ಲ."

ಅವಳ ಮುಖ ನೋಡುತ್ತಿದ್ದಂತೆ ಹೇಳಿಬಿಡಬೇಕೆಂದು ನನಗೆ ಅನಿಸಿತು. ಬಹಳ ಬಲವಾಗಿ ಅನಿಸಿತು. ಇದು ಹಂಪವ್ವನದೇ ಬಂತೇನೋ ಎಂದುಕೊಳ್ಳುವಷ್ಟು. ಹಂಪವ್ವ ಇದ್ದರೆ ಮಂಗಳಾ ಅಳುವುದಿಲ್ಲ, ಗಿರಣಿಯಲ್ಲಿ ಮತ್ತೆ ಅವಳ ಬೈಗುಳ ಕೇಳುತ್ತದೆ. ಕಿಟಕಿಯ ಕಟ್ಟೆಯ ಮೇಲೆ ನೀರಿನ ಹೂಜಿ ಇತ್ತು. ಒಂದು ಲೋಟ ಕುಡಿದೆ. ನೀರು ತಣ್ಣಗೆ ಇಳಿಯಿತು, ಬಾಯಾರಿಕೆ ಹೋಯಿತು. ಅದು ನನ್ನ ಬಾಯಾರಿಕೆ. ಮಣಿಕಟ್ಟು ಮುಟ್ಟಿ ನೋಡಿಕೊಂಡೆ. ಅಲ್ಲಿ ಏನೂ ಇರಲಿಲ್ಲ. ಈಗ ನನ್ನಲ್ಲಿ ಎದ್ದದ್ದೆಲ್ಲ ನನ್ನದೇ.

"ಅಕ್ಕಾ," ಎಂದೆ, "ನನ್ನ ಕಡೆ ಏನೂ ಇಲ್ಲ. ಎಲ್ಲಾ ಅವರ ಕಡೇನ ಐತಿ. ಅವರನ್ನ ಕೇಳ್ರಿ."

"ಕೇಳಿದ್ರ ಹೇಳಿಬಿಡ್ತಾಳ," ಎಂದಳು ಮಂಗಳಾ.

ನನ್ನ ಮೊಳಕೈ ಬಿಟ್ಟು ಕಿಟಕಿಯ ಕಂಬಿ ಹಿಡಿದು ನಿಂತಳು. ಹೊರಗೆ ಆಸ್ಪತ್ರೆಯ ಅಂಗಳದಲ್ಲಿ ತೊಳೆದ ಹಾಸುಗಳು ಒಣಗುತ್ತಿದ್ದವು. ಅವುಗಳನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ತಾನಾಗಿಯೇ ಒಳಗೆ ನಡೆದಳು.

ಹಂಪವ್ವ ಪೈಪನ್ನು ಇನ್ನೂ ಹಿಡಿದೇ ಇದ್ದಳು. ಮಂಗಳಾ ಮಂಚದ ಅಂಚಿಗೆ ಕುಳಿತಳು. "ಅವ್ವಾ, ತೆಗೀಲೇನು?"

ಹಂಪವ್ವ ಗೋಣು ಹಾಕಿದಳು.

"ತೆಗದ್ರ ನೀ ಇರಂಗಿಲ್ಲ. ಡಾಕ್ಟರು ಹೇಳಿದ್ದು ಕೇಳೀದಿ ಇಲ್ಲೊ?"

ಮತ್ತೆ ಗೋಣು ಹಾಕಿದಳು.

"ನನ್ನ ಬಿಟ್ಟು ಹೋಗ್ತಿಯೇನ?"

ಆಗ ಕೈ ಪೈಪನ್ನು ಬಿಟ್ಟಿತು. ಮಂಗಳಾಳ ಮುಖದಲ್ಲಿ ಒಂದು ಕ್ಷಣ ಆಸೆ ಹೊಳೆದದ್ದನ್ನು ನಾನು ನೋಡಿದೆ. ಕೈ ಅವಳ ಗಲ್ಲಕ್ಕೆ ಬಂತು, ಅಲ್ಲಿದ್ದ ನೀರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿತು, ಗಲ್ಲವನ್ನು ಮೆಲ್ಲಗೆ ತಟ್ಟಿತು. ಆಮೇಲೆ ಹಿಂದಿರುಗಿ ಹೋಗಿ ಪೈಪನ್ನು ಹಿಡಿಯಿತು.

ಮಂಗಳಾ ಸಿಸ್ಟರ ಕಡೆ ತಿರುಗಿದಳು. ಸಿಸ್ಟರ್ ಅವಳ ಮಾತಿಗೆ ಕಾಯಲಿಲ್ಲ. "ನಿಮ್ಮವರಾಗ ಇನ್ಯಾರನ್ನರೆ ಕರಸೂದೈತೇನು? ಕರಸ್ರಿ. ಅವಸರಿಲ್ಲ," ಎಂದರು. ಗಿರಣಿ ಓಣಿಯವರು ಬಂದು ನೋಡಿಕೊಂಡು ಹೋದರು. ಸಂಜೆಯ ಬಿಸಿಲು ಇರುವಾಗಲೇ ಡಾಕ್ಟರ್ ಔಷಧಿ ಕೊಟ್ಟರು. ಸಿಸ್ಟರ್ ಬಗ್ಗಿ ಹೇಳಿದರು. "ನೀವ ಜಗ್ಗಬ್ಯಾಡ್ರಿ ಅವ್ವಾರ, ಗಂ‌ಟಲಾ ಹರೀತೈತಿ. ನಾ ತೆಗೀತೀನಿ. ನಿಮ್ಮ ಕೈ ನನ್ನ ಕೈ ಮ್ಯಾಲ ಇರಲಿ. ಬ್ಯಾಡನಿಸಿದ್ರ ಚಿವುಟ್ರಿ, ನಿಲ್ಲಸ್ತೀನಿ."

ಹಂಪವ್ವ ಚಿವುಟಲಿಲ್ಲ.

ಪೈಪು ಹೋದ ಮೇಲೆ ಅವಳು ಆ ರಾತ್ರಿ ಕಳೆದು ಮರುದಿನ ಮಧ್ಯಾಹ್ನದವರೆಗೆ ಇದ್ದಳು. ಉಸಿರು ಸಣ್ಣದಿತ್ತು, ದನಿ ಕಲ್ಲು ಉಜ್ಜಿದಂತಿತ್ತು. ಒಂದು ಚಮಚ ಚಹಾ ಕೇಳಿದಳು, ಸಕ್ಕರೆ ಕಡಿಮೆಯಾಗಿದೆ ಎಂದಳು. ಮಂಗಳಾಳಿಗೆ ಗಿರಣಿಯ ಪಟ್ಟಾ ಬಿಗಿ ಮಾಡಿಸಲು ಹೇಳಿದಳು. ಬೆಳಿಗ್ಗೆ, ನಾನು ಅಂಗಿಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ, ಬೆರಳಾಡಿಸಿ ಹತ್ತಿರ ಕರೆದಳು.

"ಬಾಯಿಲ್ಲದಾಕಿ ನೀನೇನ?"

"ಹೌದ್ರಿ."

"ನನ್ನ ಕೈ ನಿನ್ನ ಕಡೆ ಇದ್ದುವಂತ."

"ಹೌದ್ರಿ."

ಅವಳು ನನ್ನ ಮಣಿಕಟ್ಟು ನೋಡಿದಳು. "ಬಳಿ ಎಲ್ಲಿ?"

"ಗುಂಡಿ ಡಬ್ಯಾಗ ಅದಾವ್ರಿ."

"ಹಾಕ್ಕೋ," ಎಂದಳು. ಉಸಿರು ಸಾಲಲಿಲ್ಲ. ಕಣ್ಣು ಮುಚ್ಚಿ, ಅದನ್ನು ಒಟ್ಟು ಮಾಡಿಕೊಂಡು, "ಬೇಕಾದ್ರ," ಎಂದು ಸೇರಿಸಿದಳು.

ಗಿರಣಿ ಬಹಳ ದಿನ ಮುಚ್ಚಿತ್ತು. ಮತ್ತೆ ಶುರುವಾದ ಮೇಲೂ ನಾನು ಹೋಗಲಿಲ್ಲ, ಚಿಗವ್ವನೇ ಹೋಗಿ ಬೀಸಿಸಿಕೊಂಡು ಬರುತ್ತಿದ್ದಳು. ಮಂಗಳಾ ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಒಂದು ಮುಂಜಾನೆ ಚಿಗವ್ವನ ಸೊಂಟ ಹಿಡಿದುಕೊಂಡಿತು, ನಾನೇ ಗೋದಿಯ ಡಬ್ಬಿ ಹೊತ್ತುಕೊಂಡು ಹೋದೆ. ಪಟ್ಟಾ ಬಿಗಿಯಾಗಿತ್ತು, ಸದ್ದಿನಿಂದಲೇ ತಿಳಿಯುತ್ತಿತ್ತು. ಮಂಗಳಾಳ ತಲೆಗೂದಲು, ಹುಬ್ಬು ಎಲ್ಲ ಬಿಳಿಯಾಗಿದ್ದವು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಳು, ಅವಳ ತಾಯಿ ಎಂದೂ ಕಟ್ಟಿಕೊಳ್ಳದ ಬಟ್ಟೆ. ನನ್ನ ಮುಖ ನೋಡದೆ ಡಬ್ಬಿ ತೆಗೆದುಕೊಂಡಳು.

"ಸಣ್ಣಗ ಬೀಸಲೋ, ತರಿ ಬೀಸಲೋ?"

ಸಾಲಿನಲ್ಲಿ ನನ್ನ ಹಿಂದೆ ನಿಂತವರು ನೋಡುತ್ತಿದ್ದರು. ನನ್ನ ಕಿವಿ ಬಿಸಿಯಾದವು.

"ತರಿ," ಎಂದೆ. ಗಿರಣಿಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದಳು. "ತರಿ ಬೀಸ್ರಿ ಅಕ್ಕಾ," ಎಂದೆ, ಗಟ್ಟಿಯಾಗಿ.

ಅವಳು ಕಲ್ಲು ಬಿಗಿಸುವ ಗಾಲಿಯನ್ನು ಸ್ವಲ್ಪ ತಿರುಗಿಸಿ ಸಡಿಲು ಮಾಡಿದಳು. ಹಿಟ್ಟು ಬೀಳತೊಡಗಿದಾಗ ಒಂದು ಚಿಟಿಕೆ ತೆಗೆದು ಉಜ್ಜಿ ನೋಡಿದಳು. ಮತ್ತೊಂದು ಚಿಟಿಕೆ ತೆಗೆದು ನನ್ನ ಕಡೆಗೆ ಚಾಚಿದಳು. ನಾನು ಅಂಗೈ ಒಡ್ಡಿದೆ. ಬೆಚ್ಚಗಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದೆ.

"ಇಷ್ಟ ಸಾಕೇನು?" ಎಂದಳು ಮಂಗಳಾ.

"ಇನ್ನೊಂದೀಟು ದಪ್ಪ ಇರಲ್ರಿ," ಎಂದೆ.